ಒಲೆಗಿಷ್ಟು ವಂತಿಗೆ: ಕ್ಯೋಟೋ ನಗರದಲ್ಲಿ ಕಂಡ ಒಂದು ಹಳೆಯ ಶಾಲೆ



ಗೋಡೆಯ ಭೂಪಟದ ಮೇಲೆ ಜಪಾನ್ ದೇಶವನ್ನು ಬೆತ್ತದ ತುದಿಯಿಂದ ತೋರಿಸುತ್ತಿದ್ದ ನಾನು, ಆ ನೆಲವನ್ನು ಮೆಟ್ಟುವೆನೆಂದು ಎಂದೂ ಎಣಿಸಿರಲಿಲ್ಲ. ಒಸಾಕಾದಲ್ಲಿ ನೆಲೆಸಿರುವ ಮಗಳೂ ಅಳಿಯನೂ ರಜೆಯಲ್ಲಿ ಬರಲೇಬೇಕೆಂದು ಹಟ ಹಿಡಿದರು. ಹೇರೋಹಳ್ಳಿಯ ಮನೆಗೆ ಬೀಗ ಹಾಕಿ, ಕೀಲಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ನಾನೂ ನನ್ನ ಶ್ರೀಮತಿಯೂ ಹೊರಟೆವು. ಆ ಪ್ರವಾಸದಲ್ಲಿ ಮೂರು ದಿನಗಳು ಕ್ಯೋಟೋ ನಗರಕ್ಕೆ ಮೀಸಲಾದವು.

ಅಲ್ಲಿನ ವಿಚಿತ್ರಗಳನ್ನು ಹೇಳಹೊರಟರೆ ಮುಗಿಯದು. ಬಸ್ಸನ್ನು ಹಿಂಬಾಗಿಲಿನಿಂದ ಹತ್ತಬೇಕು, ಮುಂಬಾಗಿಲಿನಿಂದ ಇಳಿಯುವಾಗ ಹಣ ತೆರಬೇಕು. ಟ್ಯಾಕ್ಸಿಯ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ. ನಾವು ಕೈಯಿಟ್ಟರೆ ಚಾಲಕನಿಗೆ ಇರುಸುಮುರುಸು. ಊಟದ ಅಂಗಡಿಗಳ ಗಾಜಿನ ಹಿಂದೆ ತಟ್ಟೆಗಳಲ್ಲಿ ಜೋಡಿಸಿಟ್ಟ ತಿನಿಸುಗಳೆಲ್ಲ ಪ್ಲಾಸ್ಟಿಕ್ಕಿನ ಮಾದರಿಗಳು! ಬೀದಿಯಲ್ಲಿ ಕಸದ ತೊಟ್ಟಿ ಕಾಣುವುದೇ ಅಪರೂಪ, ಆದರೆ ಕಸವೂ ಕಾಣದು. ಕಿತ್ತಳೆ ಸಿಪ್ಪೆಯನ್ನು ನನ್ನ ಶ್ರೀಮತಿ ಸಂಜೆಯವರೆಗೆ ಕೈಚೀಲದಲ್ಲಿಯೇ ಹೊತ್ತು ತಿರುಗಿದಳು.

ಫುಷಿಮಿ ಇನಾರಿ ದೇಗುಲದ ಬೆಟ್ಟದ ದಾರಿಯುದ್ದಕ್ಕೂ ಸಾವಿರಾರು ಕೆಂಪು ಕಮಾನುಗಳು ಒಂದಕ್ಕೊಂದು ತಾಗಿಕೊಂಡಂತೆ ನಿಂತಿವೆ. ಅವುಗಳ ಹಿಂಬದಿಯಲ್ಲಿ ಕಪ್ಪಕ್ಷರಗಳನ್ನು ಕಂಡು, ಯಾವುದೋ ಮಂತ್ರವಿರಬೇಕೆಂದು ನಾನು ಭಕ್ತಿಯಿಂದ ಕೈಮುಗಿದೆ. ಅಳಿಯ ನಕ್ಕು, "ಅವು ದಾನಿಗಳ ಹೆಸರು, ಮಾವ" ಎಂದ. ನಮ್ಮ ಗುಡಿಗಳ ಟ್ಯೂಬ್‌ಲೈಟುಗಳ ಮೇಲೆ ಬೆಳಕೇ ಮುಚ್ಚಿಹೋಗುವಂತೆ ದಾನಿಗಳ ಹೆಸರು ಬರೆಸಿರುವುದು ನೆನಪಾಗಿ ನನಗೂ ನಗು ಬಂತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸ್ಥಳ. ಎರಡನೆಯ ದಿನ ಮೊಮ್ಮಗಳು ಹಟ ಮಾಡಿ ಮಂಗಾ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಳು. ಮಂಗಾ ಎಂದರೆ ಜಪಾನಿನ ಚಿತ್ರಕಥೆಗಳು. ಕಪಾಟುಗಳಲ್ಲಿ ಸುಮಾರು 50,000 ಪುಸ್ತಕಗಳಿವೆ. ಯಾರು ಬೇಕಾದರೂ ತೆಗೆದು ಓದಬಹುದು. ನನ್ನ ವಯಸ್ಸಿನವರೂ ಹುಲ್ಲುಹಾಸಿನ ಮೇಲೆ ಕಾಲುಚಾಚಿ ಚಿತ್ರಕಥೆಯಲ್ಲಿ ಮುಳುಗಿದ್ದರು. ನನಗೋ ಓದು ಬಾರದು. ಸುಮ್ಮನೆ ಅಡ್ಡಾಡುತ್ತಿರಲು, ಕಾಲಡಿಯ ಮರದ ನೆಲ ಕಿರುಗುಟ್ಟಿತು. ಉದ್ದನೆಯ ಪಡಸಾಲೆ, ಸಾಲು ಕೋಣೆಗಳು, ಎತ್ತರದ ಕಿಟಕಿಗಳು. ಬಾಳೆಲ್ಲ ಶಾಲೆಯಲ್ಲಿ ಕಳೆದವನಿಗೆ ಶಾಲೆಯ ಗುರುತು ಹತ್ತದೇ? ವಿಚಾರಿಸಿದಾಗ ತಿಳಿಯಿತು: ಅದು 1869ರಲ್ಲಿ ಆರಂಭವಾದ ತತ್ಸುಇಕೆ ಎಂಬ ಪ್ರಾಥಮಿಕ ಶಾಲೆ. ಮಕ್ಕಳು ಕಡಿಮೆಯಾಗಿ 1995ರಲ್ಲಿ ಮುಚ್ಚಿತು. ನಗರಾಡಳಿತವೂ ಅಲ್ಲಿನ ಒಂದು ವಿಶ್ವವಿದ್ಯಾಲಯವೂ ಕೂಡಿ 2006ರಲ್ಲಿ ಅದೇ ಕಟ್ಟಡದಲ್ಲಿ ಸಂಗ್ರಹಾಲಯವನ್ನು ತೆರೆದವು. ಹಳೆಯ ಶಾಲೆಯ ನೆನಪಿಗೆಂದು ಒಂದು ಕೋಣೆಯನ್ನು ಹಾಗೆಯೇ ಉಳಿಸಿದ್ದಾರೆ.

ಆ 1869ನೆಯ ಇಸವಿಯ ಕಥೆ ಕೇಳತಕ್ಕದ್ದು. ಕ್ರಿ.ಶ. 794ರಿಂದ ಸಾವಿರ ವರ್ಷಕ್ಕೂ ಮೀರಿ ಕ್ಯೋಟೋ ಚಕ್ರವರ್ತಿಗಳ ಬೀಡಾಗಿತ್ತು. 1869ರಲ್ಲಿ ಚಕ್ರವರ್ತಿ ಟೋಕಿಯೋಗೆ ತೆರಳಿದಾಗ ನಗರ ಅನಾಥವಾಯಿತು. ಇನ್ನು ಈ ಊರು ಹಾಳುಬೀಳುವುದೆಂಬ ಭಯ ಎಲ್ಲೆಡೆಯೂ ಹಬ್ಬಿತು. ಅಂಥ ದುರ್ದಿನದಲ್ಲಿ, ಅದೇ ವರ್ಷ, ಕ್ಯೋಟೋದ ಕೇರಿಕೇರಿಗಳ ಜನ ಸೇರಿ 64 ಪ್ರಾಥಮಿಕ ಶಾಲೆಗಳನ್ನು ಕಟ್ಟಿದರು. ಜಪಾನ್ ಸರಕಾರವು ದೇಶಕ್ಕೆಲ್ಲ ಅನ್ವಯಿಸುವ ಶಿಕ್ಷಣ ಶಾಸನವನ್ನು ಹೊರಡಿಸಿದ್ದು ಇದಕ್ಕೆ ಮೂರು ವರ್ಷ ತರುವಾಯ, 1872ರಲ್ಲಿ! ಆಡಳಿತದ ನೆರವೂ ಇತ್ತಾದರೂ, ಶಾಲೆಗಳ ಬೆನ್ನೆಲುಬಾಗಿದ್ದುದು ಮನೆಮನೆಯ ವಂತಿಗೆ. ಅದರ ಹೆಸರು 'ಕಮಾಡೊ ಕಿನ್'. ಕಮಾಡೊ ಎಂದರೆ ಒಲೆ, ಕಿನ್ ಎಂದರೆ ಹಣ. ಮನೆಯಲ್ಲಿ ಓದುವ ಮಕ್ಕಳಿರಲಿ, ಇಲ್ಲದಿರಲಿ, ಒಲೆ ಉರಿಯುವ ಮನೆಯೆಲ್ಲ ಪಾಲು ಕೊಡಬೇಕು. ಆ ಶಾಲೆ ಕೇವಲ ಪಾಠದ ಮನೆಯಾಗಿರಲಿಲ್ಲ. ಕೇರಿಯವರು ಸಭೆ ಸೇರುವ ಚಾವಡಿಯೂ ಬೆಂಕಿಯನ್ನು ಕಾಯುವ ಅಟ್ಟಣೆಯೂ ಅದೇ ಆವರಣದಲ್ಲಿದ್ದವು.

ಕ್ಯೋಟೋ ಹಾಳುಬೀಳಲಿಲ್ಲ. 1890ರಲ್ಲಿ ಬೆಟ್ಟಗಳನ್ನು ಕೊರೆದು ಬಿವಾ ಸರೋವರದ ನೀರನ್ನು ಕಾಲುವೆಯಲ್ಲಿ ತಂದರು. ಮರುವರ್ಷ ಆ ನೀರಿನಿಂದ ವಿದ್ಯುತ್ತು. 1895ರಲ್ಲಿ ಜಪಾನಿನ ಮೊತ್ತಮೊದಲ ವಿದ್ಯುತ್ ಟ್ರಾಮು. ನಮ್ಮ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ.

ಇದೇ ಕಾಲದಲ್ಲಿ, 1898ರಲ್ಲಿ, ನಮ್ಮವರೇ ಒಬ್ಬರು ಜಪಾನಿಗೆ ಹೋಗಿ ಸುಮಾರು ಮೂರು ತಿಂಗಳಿದ್ದು ಬಂದರು. ಅವರು ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಆಗ ಮುಂಬಯಿ ಪ್ರಾಂತದ ಸೇವೆಯಲ್ಲಿದ್ದ ಇಂಜಿನಿಯರು. ಆ ದೇಶದ ಶಿಕ್ಷಣವೂ ಕೈಗಾರಿಕೆಯೂ ಅವರ ಮನಸ್ಸನ್ನು ಬಿಟ್ಟುಹೋಗಲಿಲ್ಲ. 1912ರಲ್ಲಿ ಮೈಸೂರಿನ ದಿವಾನರಾದ ಮರುವರ್ಷವೇ ಆಯ್ದ ಸ್ಥಳಗಳಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಶಾಸನವಾಯಿತು; ಅವರ ಆರು ವರ್ಷಗಳ ಆಡಳಿತದಲ್ಲಿ ಸಂಸ್ಥಾನದ ಶಾಲೆಗಳ ಸಂಖ್ಯೆ ಎರಡರಷ್ಟಕ್ಕಿಂತ ಹೆಚ್ಚಿತು. ಅಂಥ ಹಳ್ಳಿಯ ಶಾಲೆಗಳಲ್ಲಿಯೇ ನಾನು ಓದಿದೆ, ಅಂಥವುಗಳಲ್ಲಿಯೇ ಉಂಡು ಬೆಳೆದೆ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಮಾಗಡಿ ರಸ್ತೆಯಾಚೆಯ ಒಂದು ಹಳ್ಳಿಯಲ್ಲಿ ನಾನು ಕೆಲಸಕ್ಕೆ ಸೇರಿದಾಗ, ಜಾತ್ರೆಯ ವಂತಿಗೆ ಎತ್ತುವಾಗಲೇ ಶಾಲೆಗೂ ಮನೆಗಿಷ್ಟೆಂದು ಎತ್ತುತ್ತಿದ್ದರು. ಮಕ್ಕಳಿಲ್ಲದ ಒಬ್ಬ ಅಜ್ಜಿ ಪ್ರತಿ ಸುಗ್ಗಿಗೂ ಎರಡು ಸೇರು ರಾಗಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದು ಜಗುಲಿಯ ಮೇಲೆ ಸುರಿಯುತ್ತಿದ್ದರು. ಮುಂದೆ ಅನುದಾನ ಬಂದಿತು. ಮುಖ್ಯೋಪಾಧ್ಯಾಯನಾಗಿದ್ದ ನಾನು ಹೆಮ್ಮೆಯಿಂದ, "ಇನ್ನು ವಂತಿಗೆ ಬೇಡಿ, ಎಲ್ಲವನ್ನೂ ಸರಕಾರವೇ ಕೊಡುತ್ತದೆ" ಎಂದು ಸಾರಿದೆ. ಅಜ್ಜಿ, "ಹಂಗಾದ್ರೆ ಇಸ್ಕೂಲು ನಮ್ದಲ್ವಾ ಮೇಷ್ಟ್ರೇ?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ. ವರ್ಷಗಳ ಮೇಲೆ, ಮಕ್ಕಳಿಲ್ಲವೆಂದು ಆ ಶಾಲೆಗೆ ಬೀಗ ಬಿದ್ದಾಗ ಊರಿನಿಂದ ಒಬ್ಬರೂ ಬಂದು ಏಕೆಂದು ಕೇಳಲಿಲ್ಲ.

ಮಕ್ಕಳು ಕಡಿಮೆಯಾದರೆ ಕ್ಯೋಟೋದಲ್ಲಿಯೂ ಶಾಲೆ ಮುಚ್ಚುತ್ತದೆ. ಅದು ಯಾರ ತಪ್ಪೂ ಅಲ್ಲ. ಆದರೆ ಅಲ್ಲಿ ಆ ಕಿರುಗುಟ್ಟುವ ನೆಲದ ಮೇಲೆ ಈಗಲೂ ಮಕ್ಕಳು ಕುಳಿತು ಓದುತ್ತಿದ್ದಾರೆ. ನಮ್ಮ ಶಾಲೆಯ ಜಗುಲಿಯ ಮೇಲೆ ಹುಲ್ಲು ಬೆಳೆದಿದೆ.

ಆ ಹಳ್ಳಿಯಲ್ಲಿ ನನ್ನ ಬಳಿ ಓದಿದವರು ಇದನ್ನು ಓದುತ್ತಿದ್ದೀರಿ ಎಂಬುದನ್ನು ಬಲ್ಲೆ. ಹಂಚು ಇನ್ನೂ ಗಟ್ಟಿಯಾಗಿದೆ. ಅಪ್ಪಣೆ ಪಡೆದು ಒಂದು ಕೋಣೆಯಲ್ಲಿ ಪುಸ್ತಕಗಳನ್ನಿರಿಸಲು ಸಾಧ್ಯವೇ ಎಂದು ಕೂತು ಮಾತನಾಡೋಣ. ಭಾನುವಾರ ಯಾವಾಗ ಬೇಕಾದರೂ ಹೇರೋಹಳ್ಳಿಯ ಮನೆಗೆ ಬನ್ನಿರಿ. ಈ ಬಾರಿ ವಂತಿಗೆ ಬೇಡವೆಂದು ನಾನು ಹೇಳುವುದಿಲ್ಲ.