ಶಾರ್ಟ್‌ವೇವ್ ಎಂಬ ಲೆಕ್ಕಕ್ಕೆ ಸಿಗದ ಕಿವಿ

ಹೊರದೇಶಕ್ಕೆ ಹೊರಟವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ ಇರೋದು ಮಾಮೂಲು. ನಾನು ಅದರ ಜೊತೆಗೆ ಅಂಗೈಯಗಲದ ಒಂದು ಶಾರ್ಟ್‌ವೇವ್ ರೇಡಿಯೋ ಕೂಡ ತಂದಿದ್ದೇನೆ. ಪ್ರಾಜೆಕ್ಟ್ ಕೆಲಸದ ಮೇಲೆ ಬಂದಿರೋದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ. "ಮೊಬೈಲಲ್ಲೇ ಎಲ್ಲಾ ಸಿಗುತ್ತಲ್ಲೋ ಮಾರಾಯ, ಇದ್ಯಾಕೆ?" ಅಂತ ರೂಮ್‌ಮೇಟ್ ನಗ್ತಾನೆ. ಉತ್ತರ ಈ ಊರಿನ ಚರಿತ್ರೆಯಲ್ಲೇ ಇದೆ.

ಐಂಡ್‌ಹೋವನ್ ಅಂದ್ರೆ ಫಿಲಿಪ್ಸ್ ಕಂಪನಿ ಹುಟ್ಟಿದ ಊರು. 1927ರ ಮಾರ್ಚ್ 11ರಂದು ಇಲ್ಲಿನ ಫಿಲಿಪ್ಸ್ ಪ್ರಯೋಗಾಲಯದಿಂದ ಪಿಸಿಜೆಜೆ ಎಂಬ ಹೆಸರಿನ ಪ್ರಾಯೋಗಿಕ ಶಾರ್ಟ್‌ವೇವ್ ಪ್ರಸಾರ ಶುರುವಾಯ್ತು. ಅದು ಸುಮಾರು 11,000 ಕಿ.ಮೀ. ದೂರದ ಜಾವಾದಲ್ಲಿ, ಅಂದರೆ ಆಗಿನ ಡಚ್ ವಸಾಹತಿನಲ್ಲಿ ಕೇಳಿಸಿತು! ಅದೇ ವರ್ಷ ರಾಣಿ ವಿಲ್ಹೆಲ್ಮಿನಾ ಇದೇ ದಾರಿಯಲ್ಲಿ ವಸಾಹತುಗಳ ಜೊತೆ ಮಾತಾಡಿದಳು. ಇದರ ಹಿಂದಿದ್ದದ್ದು ಬರೀ ವಿಜ್ಞಾನದ ಕುತೂಹಲ ಅಲ್ಲ. ಆಳುವವರ ದನಿ ದೂರದ ದ್ವೀಪಗಳಿಗೆ ಮುಟ್ಟಬೇಕಿತ್ತು, ಕಂಪನಿಯ ರೇಡಿಯೋಗಳೂ ಮಾರಾಟವಾಗಬೇಕಿತ್ತು. ಬ್ರಿಟಿಷರೂ ಸುಮ್ಮನಿರಲಿಲ್ಲ. 1932ರ ಡಿಸೆಂಬರ್‌ನಲ್ಲಿ ಬಿಬಿಸಿಯ ಎಂಪೈರ್ ಸರ್ವಿಸ್ ಶುರುವಾಯ್ತು.

ಅಷ್ಟು ದೂರ ದನಿ ಹೋಗೋದು ಹೇಗೆ? ರೇಡಿಯೋ ತರಂಗ ನೇರವಾಗಿ ಹೋಗುತ್ತೆ, ಭೂಮಿಯೋ ಗುಂಡಗಿದೆ. 1901ರಲ್ಲಿ ಮಾರ್ಕೋನಿ ಅಟ್ಲಾಂಟಿಕ್ ದಾಟಿ ಸಂಕೇತ ಹಿಡಿದೆ ಅಂದಾಗ ಹಲವರಿಗೆ ಅರ್ಥವಾಗದೆ ಉಳಿದದ್ದೂ ಇದೇ. ಮೇಲೆಲ್ಲೋ ವಿದ್ಯುತ್ ಕಣಗಳ ಪದರವೊಂದು ಇರಬೇಕು ಅಂತ 1902ರಲ್ಲಿ ಕೆನೆಲಿ ಮತ್ತು ಹೆವಿಸೈಡ್ ಬೇರೆಬೇರೆಯಾಗಿ ಊಹಿಸಿದರು. ಆ್ಯಪಲ್ಟನ್ 1924ರಲ್ಲಿ ಪ್ರಯೋಗ ಮಾಡಿ ಅದನ್ನು ತೋರಿಸಿಕೊಟ್ಟ, 1947ರಲ್ಲಿ ನೊಬೆಲ್ ಪಡೆದ. ತರಂಗಗಳು ಆ ಪದರಕ್ಕೆ ಬಡಿದು ಬಾಗಿ ಕೆಳಗೆ ಬರುತ್ತವೆ, ನೆಲಕ್ಕೆ ತಾಗಿ ಮತ್ತೆ ಪುಟಿಯುತ್ತವೆ. ಹಗಲು ತರಂಗಗಳನ್ನು ಹೀರಿಕೊಳ್ಳುವ ಕೆಳಗಿನ ಪದರ ರಾತ್ರಿ ಕರಗಿಹೋಗುತ್ತೆ. ಅದಕ್ಕೇ ಕತ್ತಲಾದ ಮೇಲೆ ದೂರದ ಮೀಡಿಯಂ ವೇವ್ ಸ್ಟೇಷನ್‌ಗಳು ತೇಲಿಬರೋದು. (ಲ್ಯಾಪ್‌ಟಾಪ್ ಚಾರ್ಜರ್ ಪ್ಲಗ್ ಕಿತ್ತಿಡಿ, ಇಲ್ಲದಿದ್ರೆ ಬರೀ ಗೊರಗೊರ!)

ಆಳುವವರ ದನಿ ಒಯ್ಯಲು ಕಟ್ಟಿದ ದಾರಿ ಆಳುವವರಿಗೇ ತಿರುಗಿಬಿತ್ತು ನೋಡಿ. ಯುದ್ಧ ಶುರುವಾದ 1939ರ ಸೆಪ್ಟೆಂಬರ್ 1ರಂದೇ ಹಿಟ್ಲರನ ಜರ್ಮನಿ ವಿದೇಶಿ ರೇಡಿಯೋ ಕೇಳೋದನ್ನು ಅಪರಾಧ ಮಾಡಿತು. ಕೇಳಿದರೆ ಜೈಲು, ಕೇಳಿದ್ದನ್ನು ಹರಡಿದರೆ ಮರಣದಂಡನೆವರೆಗೂ ಶಿಕ್ಷೆ. ನೆದರ್‌ಲ್ಯಾಂಡ್ಸನ್ನು ಹಿಡಿದ ಮೇಲೆ ಇಲ್ಲೂ ನಿಷೇಧ. ಆದರೂ 1940ರ ಜುಲೈನಲ್ಲಿ ಲಂಡನ್ನಿನಿಂದ ಶುರುವಾದ 'ರೇಡಿಯೋ ಓರಾನ್ಯೆ'ಯನ್ನು ಜನ ಕದ್ದು ಕೇಳಿದರು. 1943ರಲ್ಲಿ ರೇಡಿಯೋ ಪೆಟ್ಟಿಗೆಗಳನ್ನೇ ಒಪ್ಪಿಸಿ ಅಂತ ಆಜ್ಞೆಯಾಯ್ತು. ಎಷ್ಟೋ ಜನ ಅವನ್ನು ಅಡಗಿಸಿಟ್ಟರು, ಕೆಲವರು ತಾವೇ ಪುಟ್ಟ ರಿಸೀವರ್ ಕಟ್ಟಿಕೊಂಡರು.

ನಮ್ಮ ಕಥೆಯೂ ಇಲ್ಲಿ ಸೇರಿಕೊಂಡಿದೆ. ಬಾಂಬ್ ದಾಳಿ ಹೆಚ್ಚಾದಾಗ, 1943ರಲ್ಲಿ ಸುಭಾಷರ ಆಜಾದ್ ಹಿಂದ್ ರೇಡಿಯೋದ ಬರ್ಲಿನ್ ಸಿಬ್ಬಂದಿ ಬಂದು ಕೂತದ್ದು ಇದೇ ದೇಶದ ಹಿಲ್ವರ್ಸಮ್‌ನಲ್ಲಿ. ಡಚ್ಚರು ರೇಡಿಯೋ ಕೇಳಬಾರದು ಎಂದವರ ನೆರಳಿನಲ್ಲೇ ಬ್ರಿಟಿಷರ ವಿರುದ್ಧ ಭಾರತದ ಸ್ವಾತಂತ್ರ್ಯದ ಮಾತು! ಚರಿತ್ರೆ ನೇರ ಗೆರೆಯಲ್ಲಿ ಹೋಗೋದೇ ಇಲ್ಲ ಬಿಡಿ.

ಈಗ ಡಯಲ್ ಖಾಲಿಯಾಗ್ತಾ ಬಂದಿದೆ. ರೇಡಿಯೋ ನೆದರ್‌ಲ್ಯಾಂಡ್ಸ್ 2012ರಲ್ಲಿ ಶಾರ್ಟ್‌ವೇವ್ ನಿಲ್ಲಿಸಿತು, ಬಿಬಿಸಿ ಹಿಂದಿ 2020ರ ಜನವರಿಯಲ್ಲಿ. ಹೌದು, ಇಂಟರ್ನೆಟ್‌ನಲ್ಲಿ ದನಿ ಹೆಚ್ಚು ಸ್ವಚ್ಛ. ಆದರೆ ದಿನವಿಡೀ ಸರ್ವರ್ ಲಾಗ್ ನೋಡಿಯೇ ಸಂಬಳ ಎಣಿಸುವ ನನಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಯಾರು, ಯಾವ ಊರಿಂದ, ಎಷ್ಟು ಹೊತ್ತು ಕೇಳಿದರು ಅನ್ನೋದೆಲ್ಲ ಅಲ್ಲಿ ದಾಖಲಾಗಬಹುದು. ಮಧ್ಯದಲ್ಲಿರೋರು ಒಂದು ಗುಂಡಿ ಒತ್ತಿದರೆ ಎಲ್ಲಾ ಬಂದ್. ಶಾರ್ಟ್‌ವೇವ್‌ಗೂ ಗೊರಗೊರ ತುಂಬಿ ಅಡ್ಡಿ ಮಾಡಬಹುದು, ನಿಜ. ಆದರೆ ಕೇಳುಗನ ಹೆಸರು ಅದು ಬರೆದಿಡಲ್ಲ. 1943ರ ಡಚ್ ಮನೆಯೊಂದರಲ್ಲಿ ದನಿ ತಗ್ಗಿಸಿ ಕೂತವರಿಗೆ ಪ್ರಾಣ ಉಳಿಸಿದ್ದು ಆ ಗುಣವೇ.

ನಿಮ್ಮನೆ ಅಟ್ಟದಲ್ಲೂ ಹಳೇ ರೇಡಿಯೋ ಇರಬಹುದು. ಗುಜರಿಗೆ ಹಾಕೋ ಮುಂಚೆ ಒಂದು ರಾತ್ರಿ ತಿರುಗಿಸಿ ನೋಡಿ. ಯಾವ ಊರು ಸಿಕ್ತು ಅಂತ ನನಗೂ ಹೇಳಿ!