ಚೆಂಡಿಗೆ ತಾಗಿದ ಕೈ: ಕಪ್ ಪಂದ್ಯಗಳು, ನಿಯಮ ಮತ್ತು ಅಭಿಮಾನಿಗಳ ಮುನಿಸು

1891ರ ಫೆಬ್ರುವರಿ 14ರಂದು ಎಫ್‌ಎ ಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ನಾಟ್ಸ್ ಕೌಂಟಿ ತಂಡ ಸ್ಟೋಕ್ ಎದುರು 1–0ಯಿಂದ ಮುಂದಿತ್ತು. ಆಟ ಮುಗಿಯುವ ಹೊತ್ತಿಗೆ ಗೋಲಿನೊಳಗೆ ಹೋಗಲಿದ್ದ ಚೆಂಡನ್ನು ಕೌಂಟಿಯ ರಕ್ಷಣಾ ಆಟಗಾರ ಜ್ಯಾಕ್ ಹೆಂಡ್ರಿ ಗೆರೆಯ ಬಳಿ ಕೈಯಿಂದ ತಡೆದರು. ಅಂದಿನ ನಿಯಮದಂತೆ ಸ್ಟೋಕ್‌ಗೆ ದಕ್ಕಿದ್ದು ತಪ್ಪು ನಡೆದ ಜಾಗದಿಂದ ಒಂದು ಫ್ರೀ ಕಿಕ್, ಅಷ್ಟೇ. ಗೋಲ್‌ಕೀಪರ್ ಜಾರ್ಜ್ ಟೂನ್ ಚೆಂಡಿಗೆ ಅಡ್ಡವಾಗಿ ನಿಂತುಬಿಟ್ಟರು, ಗೋಲು ಬರಲಿಲ್ಲ. ಕೌಂಟಿ ಗೆದ್ದಿತು, ಆ ವರ್ಷದ ಫೈನಲ್‌ವರೆಗೂ ಹೋಯಿತು. ಅದೇ ಜೂನ್ 2ರಂದು ಗ್ಲಾಸ್ಗೋದಲ್ಲಿ ಸೇರಿದ ಅಂತರರಾಷ್ಟ್ರೀಯ ನಿಯಮ ಮಂಡಳಿ ಪೆನಾಲ್ಟಿ ಕಿಕ್‌ಗೆ ಒಪ್ಪಿಗೆ ಕೊಟ್ಟಿತು.

ಈ ಎರಡು ಘಟನೆಗಳನ್ನು ನೇರ ಕಾರಣ–ಕಾರ್ಯವಾಗಿ ಕಟ್ಟುವುದು ಫುಟ್‌ಬಾಲ್ ಇತಿಹಾಸದಲ್ಲಿ ರೂಢಿ. ಅದು ಅರ್ಧ ಸತ್ಯ. ಐರ್ಲೆಂಡಿನ ಆರ್ಮಾ ಕೌಂಟಿಯ ಮಿಲ್ಫರ್ಡ್ ಊರಿನ ಗೋಲ್‌ಕೀಪರ್ ವಿಲಿಯಂ ಮ್ಯಾಕ್ರಮ್ ಅವರ ಪೆನಾಲ್ಟಿ ಪ್ರಸ್ತಾವ 1890ರಲ್ಲೇ ಐರಿಷ್ ಸಂಸ್ಥೆಯ ಮೂಲಕ ಮಂಡಳಿಯ ಮುಂದೆ ಬಂದಿತ್ತು. ಸಭ್ಯಸ್ಥ ಆಟಗಾರ ಬೇಕೆಂದೇ ಮೋಸ ಮಾಡುತ್ತಾನೆ ಎಂದು ಊಹಿಸುವ ನಿಯಮವೇ ಅವಮಾನ ಎಂಬ ಭಾವನೆ ಇಂಗ್ಲೆಂಡಿನ ಹವ್ಯಾಸಿ ಆಟಗಾರರಲ್ಲಿ ಬಲವಾಗಿತ್ತು. ಸ್ಟೋಕ್ ಪಂದ್ಯ ಹೊಸ ನಿಯಮವನ್ನು ಹುಟ್ಟಿಸಲಿಲ್ಲ. ಅದನ್ನು ವಿರೋಧಿಸುವವರ ವಾದಕ್ಕೆ ಬಲವಿಲ್ಲದಂತೆ ಮಾಡಿತು ಎನ್ನುವುದು ಹೆಚ್ಚು ಸರಿ.

ಕೈಬಳಕೆ ಮೊದಲಿನಿಂದಲೂ ಪಾಪವೇನೂ ಆಗಿರಲಿಲ್ಲ. 1863ರಲ್ಲಿ ಲಂಡನ್ನಿನ ಫ್ರೀಮೇಸನ್ಸ್ ಟ್ಯಾವರ್ನ್‌ನಲ್ಲಿ ರೂಪುಗೊಂಡ ಮೊದಲ ನಿಯಮಾವಳಿಯ ಪ್ರಕಾರ ಗಾಳಿಯಲ್ಲಿ ಬಂದ ಚೆಂಡನ್ನು ಹಿಡಿದು ಫ್ರೀ ಕಿಕ್ ಪಡೆಯಬಹುದಿತ್ತು. 1866ರಲ್ಲಿ ಆ ಅವಕಾಶ ಹೋಯಿತು. 1871ರಲ್ಲಿ ಗೋಲ್‌ಕೀಪರ್ ಎಂಬ ಒಬ್ಬನಿಗೆ ಮಾತ್ರ ವಿನಾಯಿತಿ ಸಿಕ್ಕಿತು, 1912ರಲ್ಲಿ ಅವನನ್ನೂ ಪೆನಾಲ್ಟಿ ಆವರಣಕ್ಕೆ ಕಟ್ಟಿಹಾಕಲಾಯಿತು. ನಿಯಮ ಹೀಗೆ ಬಿಗಿಯಾಗುತ್ತ ಹೋದರೂ ವಾದ ಕಡಿಮೆಯಾಗಲಿಲ್ಲ. ನಿಯಮದ ನ್ಯಾಯಕ್ಕೂ ಗ್ಯಾಲರಿಯ ನ್ಯಾಯಕ್ಕೂ ಲೆಕ್ಕದ ಪುಸ್ತಕವೇ ಬೇರೆ ಎನ್ನುವುದು ನನ್ನ ವಾದ. ಇವೆರಡೂ ಅತಿ ಹೆಚ್ಚು ದೂರವಾಗುವುದು ಸೋತವರಿಗೆ ಮುಂದಿನ ವಾರವೇ ಇಲ್ಲದ ಪಂದ್ಯಗಳಲ್ಲಿ. ಲೀಗಿನಲ್ಲಿ ಕಳೆದ ಅಂಕವನ್ನು ಇನ್ನೊಂದು ವಾರ ಗಳಿಸಬಹುದು. ಕಪ್‌ನಲ್ಲಿ ಆ ಸಮಾಧಾನ ಇಲ್ಲ.

1977ರ ಅಕ್ಟೋಬರ್ 12ರ ವೇಲ್ಸ್–ಸ್ಕಾಟ್ಲೆಂಡ್ ವಿಶ್ವಕಪ್ ಅರ್ಹತಾ ಪಂದ್ಯ ನೋಡಿ. ವೇಲ್ಸ್ ತನ್ನ ‘ತವರು’ ಪಂದ್ಯವನ್ನು ಲಿವರ್‌ಪೂಲ್‌ನ ಆನ್‌ಫೀಲ್ಡ್‌ನಲ್ಲಿ ಆಡಿತು. ಮೇಲೆ ಬಂದ ಚೆಂಡಿಗೆ ಸ್ಕಾಟ್ಲೆಂಡಿನ ಜೋ ಜೋರ್ಡನ್, ವೇಲ್ಸ್‌ನ ಡೇವಿಡ್ ಜೋನ್ಸ್ ಇಬ್ಬರೂ ಜಿಗಿದರು. ಒಂದು ಕೈ ಚೆಂಡಿಗೆ ತಾಗಿತು. ಅದು ಜೋನ್ಸ್‌ರ ಕೈ ಎಂದು ರೆಫರಿ ಪೆನಾಲ್ಟಿ ಕೊಟ್ಟರು. ಸ್ಕಾಟ್ಲೆಂಡ್ 2–0ಯಿಂದ ಗೆದ್ದು ಅರ್ಜೆಂಟೀನಾಕ್ಕೆ ಹೊರಟಿತು. ಕೈ ತನ್ನದೆಂದು ಜೋರ್ಡನ್ ಒಪ್ಪಿಕೊಳ್ಳಲಿಲ್ಲ, ವೇಲ್ಸ್ ಮರೆಯಲಿಲ್ಲ. 1958ರ ನಂತರ ವೇಲ್ಸ್‌ಗೆ ವಿಶ್ವಕಪ್ ಮತ್ತೆ ದಕ್ಕಿದ್ದು 2022ರಲ್ಲಿ. ಅಷ್ಟು ದೀರ್ಘ ಕಾಯುವಿಕೆಯಲ್ಲಿ ಒಂದು ಕೈ ಎಷ್ಟು ದೊಡ್ಡದಾಗಿ ಬೆಳೆದಿರಬಹುದು!

ಇದರ ತಮಾಷೆ ಒಂಬತ್ತು ವರ್ಷಗಳ ನಂತರ ಗೊತ್ತಾಗುತ್ತದೆ. 1986ರ ಜೂನ್ 22ರಂದು ಮೆಕ್ಸಿಕೊ ನಗರದ ಅಜ್ಟೆಕಾ ಕ್ರೀಡಾಂಗಣದಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಅರ್ಜೆಂಟೀನಾದ ಡಿಯಾಗೊ ಮರಡೋನಾ ಇಂಗ್ಲೆಂಡಿನ ಗೋಲ್‌ಕೀಪರ್ ಪೀಟರ್ ಶಿಲ್ಟನ್ ಅವರನ್ನು ಮೀರಿ ಜಿಗಿದು ಎಡಗೈಯಿಂದ ಚೆಂಡನ್ನು ಗೋಲಿಗೆ ಸೇರಿಸಿದರು. ಟ್ಯುನೀಸಿಯಾದ ರೆಫರಿ ಅಲಿ ಬೆನ್ನಾಸರ್ ಕೈಯನ್ನು ಕಾಣಲಿಲ್ಲ. ಫಾಕ್‌ಲೆಂಡ್ಸ್ ಯುದ್ಧದಲ್ಲಿ ಅರ್ಜೆಂಟೀನಾ ಬ್ರಿಟನ್ನಿಗೆ ಸೋತು ನಾಲ್ಕೇ ವರ್ಷವಾಗಿತ್ತು. ಅರ್ಜೆಂಟೀನಾ 2–1ರಿಂದ ಗೆದ್ದಿತು. ಇಂಗ್ಲೆಂಡಿಗೆ ಅದು ಕಳವು. ಬ್ಯೂನಸ್ ಐರಿಸ್‌ಗೆ ಸೇಡು. ಗಡಿಯಾಚೆಯ ಸ್ಕಾಟ್ಲೆಂಡಿಗೆ ಹಬ್ಬ. ಜೋರ್ಡನ್‌ರ ಕೈ ತಪ್ಪೇ ಅಲ್ಲ ಎನ್ನುತ್ತಿದ್ದವರೇ ಮರಡೋನಾ ಕೈಯನ್ನು ಒಪ್ಪಿಯೇ ಕೊಂಡಾಡಿದರು. 2008ರಲ್ಲಿ ಮರಡೋನಾ ಅರ್ಜೆಂಟೀನಾದ ಕೋಚ್ ಆಗಿ ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕ್‌ಗೆ ಬಂದಾಗ ಸ್ಕಾಟಿಷ್ ಜನ ಪ್ರೀತಿಯಿಂದ ಬರಮಾಡಿಕೊಂಡರು. ಸ್ಕಾಟ್ಲೆಂಡಿನ ಸಹಾಯಕ ಕೋಚ್ ಮಾತ್ರ ಸಿಡಿಮಿಡಿಗೊಂಡಿದ್ದರು. ಅವರು ಟೆರ್ರಿ ಬುಚರ್, 1986ರ ಆ ಪಂದ್ಯದಲ್ಲಿ ಇಂಗ್ಲೆಂಡ್ ಪರ ಆಡಿದವರು.

2009ರ ನವೆಂಬರ್ 18ರಂದು ಪ್ಯಾರಿಸ್ ಬಳಿ ಥಿಯರಿ ಹೆನ್ರಿ ಕೈಯಿಂದ ಹತೋಟಿಗೆ ತಂದ ಚೆಂಡನ್ನು ವಿಲಿಯಂ ಗಲ್ಲಾಸ್ ಗೋಲಾಗಿಸಿ ಐರ್ಲೆಂಡಿನ ವಿಶ್ವಕಪ್ ಕನಸು ಮುಗಿಸಿದರು. ಹೆನ್ರಿ ಮರೆಮಾಚಲಿಲ್ಲ, ಮರುಪಂದ್ಯವೇ ನ್ಯಾಯ ಎಂದೂ ಹೇಳಿದರು. ಫಿಫಾ ಒಪ್ಪಲಿಲ್ಲ. ಐರಿಷ್ ಸಂಸ್ಥೆಗೆ ಫಿಫಾ 50 ಲಕ್ಷ ಯೂರೊ ಕೊಟ್ಟ ವಿಷಯ 2015ರಲ್ಲಿ ಬಯಲಾಯಿತು. ಐರ್ಲೆಂಡಿನವರೇ ಆದ ರಾಯ್ ಕೀನ್ ತಮ್ಮ ರಕ್ಷಣಾ ಆಟಗಾರರ ಮೈಮರೆವನ್ನು ಟೀಕಿಸಿದ್ದರಿಂದ ಅಲ್ಲಿಯೂ ಒಮ್ಮತವಿರಲಿಲ್ಲ ಎನ್ನಬೇಕು.

ಈವರೆಗಿನ ಮುನಿಸಿಗೆ ತಪ್ಪಿಸಿಕೊಂಡವನ ಮೇಲಿನ ಸಿಟ್ಟು ಎಂಬ ವಿವರಣೆ ಸಾಕಾಗುತ್ತದೆ. ಲೂಯಿಸ್ ಸುವಾರೆಜ್ ವಿಷಯದಲ್ಲಿ ಅದು ಸಾಲದು. 2010ರ ಜುಲೈ 2ರಂದು ಜೊಹಾನ್ಸ್‌ಬರ್ಗ್‌ನಲ್ಲಿ ಘಾನಾದ ಡೊಮಿನಿಕ್ ಆಡಿಯಾ ಅವರ ಹೆಡರ್ ಅನ್ನು ಉರುಗ್ವೆಯ ಸುವಾರೆಜ್ ಹೆಚ್ಚುವರಿ ಅವಧಿಯ ಕೊನೆಯ ಕ್ಷಣದಲ್ಲಿ ಗೋಲುಗೆರೆಯ ಮೇಲೆ ಕೈಯಿಂದ ತಡೆದರು. ರೆಫರಿ ಕಂಡರು, ಕೆಂಪು ಕಾರ್ಡ್ ತೋರಿಸಿದರು, ಪೆನಾಲ್ಟಿ ಕೊಟ್ಟರು. ನಿಯಮ ಕೊಡಬಹುದಾದದ್ದನ್ನೆಲ್ಲ ಕೊಟ್ಟಿತು. ಅಸಾಮೋಹ್ ಗ್ಯಾನ್ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿಯಿತು, ಶೂಟೌಟ್‌ನಲ್ಲಿ ಉರುಗ್ವೆ ಗೆದ್ದಿತು. ವಿಶ್ವಕಪ್ ಸೆಮಿಫೈನಲ್‌ಗೇರುವ ಮೊದಲ ಆಫ್ರಿಕನ್ ತಂಡ ಎಂಬ ಹಿರಿಮೆ ಘಾನಾದ ಕೈತಪ್ಪಿ, 2022ರಲ್ಲಿ ಮೊರಾಕೊ ಪಾಲಾಯಿತು. ಶಿಕ್ಷೆಯಾದರೂ ಸುವಾರೆಜ್ ಮೇಲಿನ ಕೋಪ ಆರಲಿಲ್ಲ, ಏಕೆಂದರೆ ಶಿಕ್ಷೆ ಲಾಭಕ್ಕಿಂತ ಸಣ್ಣದಾಗಿತ್ತು. ರಗ್ಬಿಯಲ್ಲಿ ಇಂಥ ತಡೆಗೆ ಅಂಕವನ್ನೇ ನೇರವಾಗಿ ಕೊಡುತ್ತಾರೆ. ಫುಟ್‌ಬಾಲ್‌ನಲ್ಲಿ ಮತ್ತೆ ಒದ್ದು ಗಳಿಸಬೇಕು. ಸ್ಟೋಕ್ ಬೆಂಬಲಿಗರ ದೂರು 119 ವರ್ಷಗಳ ನಂತರವೂ ಪೂರ್ತಿ ಬಗೆಹರಿದಿರಲಿಲ್ಲ. 2022ರಲ್ಲಿ ಘಾನಾ ಉರುಗ್ವೆಗೆ 0–2ರಿಂದ ಸೋತು ಹೊರಬಿತ್ತು. ಆದರೆ ದಕ್ಷಿಣ ಕೊರಿಯಾ ಪೋರ್ಚುಗಲ್ಲನ್ನು ಮಣಿಸಿದ್ದರಿಂದ ಉರುಗ್ವೆಯೂ ಹೊರಬಿದ್ದಾಗ, ಸುವಾರೆಜ್ ಕಣ್ಣೀರು ಕಂಡು ಘಾನಾ ಅಭಿಮಾನಿಗಳು ನಕ್ಕರು.

ಕ್ಯಾಮೆರಾ ಬಂದರೆ ಜಗಳ ಮುಗಿಯುತ್ತದೆ ಎಂದುಕೊಂಡವರಿದ್ದರು. 2018ರ ವಿಶ್ವಕಪ್ ಫೈನಲ್‌ನಲ್ಲೇ ಕ್ರೊವೇಷಿಯಾದ ಇವಾನ್ ಪೆರಿಸಿಚ್ ಕೈಗೆ ಚೆಂಡು ತಾಗಿದ್ದಕ್ಕೆ ವಿಎಆರ್ (ವಿಡಿಯೊ ಮರುಪರಿಶೀಲನೆ) ನೋಡಿ ಕೊಟ್ಟ ಪೆನಾಲ್ಟಿ ಹೊಸ ಜಗಳ ತಂದಿತು. ಉದ್ದೇಶವಿತ್ತೇ ಎಂಬ ಒಂದೇ ಪ್ರಶ್ನೆಯ ಜೊತೆಗೆ 2019ರಲ್ಲಿ ತೋಳಿನ ಎತ್ತರ, ದೇಹದ ಆಕಾರ ಇತ್ಯಾದಿ ಅಳತೆಗಳು ಸೇರಿದವು. 2021ರಲ್ಲಿ ಮತ್ತೆ ತಿದ್ದುಪಡಿಯಾಯಿತು. 2024ರ ಜುಲೈ 5ರಂದು ಸ್ಟುಟ್‌ಗಾರ್ಟ್‌ನಲ್ಲಿ ನಡೆದ ಯೂರೊ ಕಪ್ ಪಂದ್ಯದಲ್ಲಿ ಜರ್ಮನಿಯ ಜಮಾಲ್ ಮುಸಿಯಾಲಾ ಒದ್ದ ಚೆಂಡು ಸ್ಪೇನಿನ ಮಾರ್ಕ್ ಕುಕುರೆಯಾ ಕೈಗೆ ಬಡಿದಾಗ ಪೆನಾಲ್ಟಿ ಸಿಗಲಿಲ್ಲ. ಸ್ಪೇನ್ 2–1ರಿಂದ ಗೆದ್ದಿತು. ಮುಂದಿನ ಪಂದ್ಯಗಳಲ್ಲಿ ಚೆಂಡು ಮುಟ್ಟಿದಾಗಲೆಲ್ಲ ಕುಕುರೆಯಾ ಜರ್ಮನ್ನರ ಕೂಗಾಟಕ್ಕೆ ಗುರಿಯಾದರು. ತೀರ್ಪು ಕೊಟ್ಟವರು ರೆಫರಿ, ಬೈಗುಳ ತಿಂದವರು ಆಟಗಾರ. ಅದು ಪೆನಾಲ್ಟಿ ಆಗಬೇಕಿತ್ತು ಎಂದು ಯುರೋಪಿನ ಫುಟ್‌ಬಾಲ್ ಸಂಸ್ಥೆ ಸೆಪ್ಟೆಂಬರ್‌ನಲ್ಲಿ ಒಪ್ಪಿಕೊಂಡಿತು.

ಇಂಥ ಮುನಿಸು ನಮಗೂ ಹೊಸದಲ್ಲ, ಕೈಯ ಪ್ರಶ್ನೆ ಇಲ್ಲದಿದ್ದರೂ. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದ ಐಎಸ್‌ಎಲ್ ನಾಕೌಟ್ ಪಂದ್ಯದಲ್ಲಿ ಎದುರಾಳಿಗಳು ಸಜ್ಜಾಗುವ ಮೊದಲೇ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಫ್ರೀ ಕಿಕ್ ಒದ್ದು ಗೋಲು ಹೊಡೆದರು; ಕೇರಳ ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರನಡೆದು 4 ಕೋಟಿ ರೂಪಾಯಿ ದಂಡ ತೆತ್ತಿತು. ಬೆಂಗಳೂರಿಗೆ ಅದು ಚಾಣಾಕ್ಷತನ, ಕೊಚ್ಚಿಗೆ ಮೋಸ. ಬೆಂಗಳೂರಿನ ಫುಟ್‌ಬಾಲ್ ಇತಿಹಾಸ ಇನ್ನೂ ಹಿಂದಕ್ಕೆ ಹೋಗುತ್ತದೆ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ರೋವರ್ಸ್ ಕಪ್ ಗೆದ್ದ ಫಲಿತಾಂಶ ಪುಸ್ತಕಗಳಲ್ಲಿದೆ. ಆ ಕಾಲದ ಪ್ರೇಕ್ಷಕರು ಯಾರನ್ನು ಬೈದರು, ಯಾವ ತೀರ್ಪಿಗೆ ಮುನಿದರು ಎಂಬುದು ಅಂಕಪಟ್ಟಿಯಲ್ಲಿ ಸಿಗುವುದಿಲ್ಲ. ಆಸ್ಟಿನ್ ಟೌನ್, ಗೌತಮಪುರಗಳ ಹಿರಿಯ ಆಟಗಾರರು, ಪ್ರೇಕ್ಷಕರು ಹಿಂದಿನವರಿಂದ ಕೇಳಿದ್ದನ್ನು, ತಾವು ಕಂಡಿದ್ದನ್ನು ಹೇಳಬಲ್ಲವರಾಗಿರುವಾಗಲೇ ಕ್ರೀಡಾ ಇತಿಹಾಸದ ವಿದ್ಯಾರ್ಥಿಗಳು ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳಬೇಕು.