ಅಂಗಕ್ಕೊಂದು ಗಡಿಯಾರ: ಮೀನಿನ ಮೈಯೊಳಗಿನ ಹಗಲಿರುಳು

ಥಾಣೆ ಮತ್ತು ನವಿ ಮುಂಬಯಿಯ ನಡುವಿನ ಖಾಡಿಯಲ್ಲಿ ನೀರು ಇಳಿದರೆ ಸಾಕು, ಕೆಸರಿನ ಮೇಲೆ ಸಂತೆ ನೆರೆಯುತ್ತದೆ. ಕೋಲಿ ಮೀನುಗಾರರು ‘ನಿವಟಿ’ ಎನ್ನುವ ಮೀನು ಬಿಲದಿಂದ ಹೊರಬಂದು, ಎದೆಯ ಈಜುರೆಕ್ಕೆ ಊರಿ ತೆವಳುತ್ತ, ತಲೆಯನ್ನು ಅತ್ತಿತ್ತ ಆಡಿಸಿ ಪಾಚಿ ಕೆರೆದು ತಿನ್ನುತ್ತದೆ. ಭರತ ಬಂತೆಂದರೆ ಮತ್ತೆ ಬಿಲ. ಸೂರ್ಯನ 24 ಗಂಟೆಯ ಜೊತೆಗೆ ಸುಮಾರು 12.4 ಗಂಟೆಗೊಮ್ಮೆ ಬರುವ ಉಬ್ಬರಕ್ಕೂ ಹೊಂದಿಕೊಂಡ ಬದುಕು ಇದು. ಇಂಥ ಜೀವಿಯ ಮೈಯೊಳಗೆ ಹೊತ್ತಿನ ಲೆಕ್ಕ ಇಡುವವರು ಯಾರು?

ಉತ್ತರದ ಮೊದಲ ಎಳೆ ಸಿಕ್ಕಿದ್ದು ಹಣ್ಣುನೊಣದಲ್ಲಿ. 1971ರಲ್ಲಿ ರೊನಾಲ್ಡ್ ಕೊನೊಪ್ಕಾ ಮತ್ತು ಸೈಮರ್ ಬೆಂಜರ್ ‘ಪಿರಿಯಡ್’ ಜೀನನ್ನು ಗುರುತಿಸಿದರು. ಅದರ ಕೆಲಸದ ಬಗೆ ಬಿಡಿಸಿದ ಹಾಲ್, ರಾಸ್‌ಬಾಶ್ ಮತ್ತು ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ‘ಕ್ಲಾಕ್’ ಮತ್ತು ‘ಬಿಮಾಲ್’ ಪ್ರೋಟೀನುಗಳು ‘ಪಿರಿಯಡ್’, ‘ಕ್ರಿಪ್ಟೋಕ್ರೋಮ್’ ಜೀನ್‌ಗಳನ್ನು ಚಾಲೂ ಮಾಡುತ್ತವೆ. ಅವುಗಳಿಂದ ಹುಟ್ಟಿದ ಪ್ರೋಟೀನು ಹೆಚ್ಚಾದಂತೆ ತನ್ನನ್ನು ಚಾಲೂ ಮಾಡಿದವರನ್ನೇ ತಡೆಯುತ್ತದೆ. ಅದು ಕರಗಿದ ಮೇಲೆ ಸುತ್ತು ಮತ್ತೆ ಶುರು. ಸಸ್ತನಿಗಳಲ್ಲಿ ಕಣ್ಣಿನಿಂದ ಬೆಳಕಿನ ಸುದ್ದಿ ಮಿದುಳಿಗೆ ಹೋಗಿ, ಅಲ್ಲಿಂದ ಉಳಿದ ಅಂಗಗಳು ಹೊಂದಿಕೊಳ್ಳುತ್ತವೆ.

ಮೀನು ಮಿದುಳಿನ ಈ ಯಜಮಾನಿಕೆಯನ್ನು ಒಪ್ಪಲಿಲ್ಲ. 1998ರಲ್ಲಿ ಡೇವಿಡ್ ವಿಟ್‌ಮೋರ್ ಮತ್ತು ಸಂಗಡಿಗರು ಜೀಬ್ರಾ ಮೀನಿನ ಹೃದಯ, ಮೂತ್ರಪಿಂಡಗಳನ್ನು ಹೊರತೆಗೆದು ಪೋಷಕ ದ್ರವದಲ್ಲಿ ಇಟ್ಟರು. ದೇಹದಿಂದ ಬೇರ್ಪಟ್ಟ ಮೇಲೂ ಅವುಗಳಲ್ಲಿ ‘ಕ್ಲಾಕ್’ ಜೀನಿನ ಏರಿಳಿತ ನಿಲ್ಲಲಿಲ್ಲ. 2000ದಲ್ಲಿ ಇನ್ನೂ ಅಚ್ಚರಿಯ ಸಂಗತಿ ಹೊರಬಿತ್ತು: ಆ ಬಿಡಿ ಅಂಗಗಳ ಮೇಲೆ ಬೆಳಕು ಬಿದ್ದರೆ ಅವು ತಾವೇ ಗಡಿಯಾರ ಸರಿಪಡಿಸಿಕೊಳ್ಳುತ್ತವೆ, ಕಣ್ಣಿನ ಹಂಗೇ ಇಲ್ಲ. ಜೀಬ್ರಾ ಮೀನಿನಲ್ಲಿ ಬೆಳಕು ಗ್ರಹಿಸುವ ಆಪ್ಸಿನ್ ಜೀನ್‌ಗಳು 42 ಇವೆ ಎಂದು 2015ರಲ್ಲಿ ಎಣಿಕೆಯಾಯಿತು. ಅವುಗಳಲ್ಲಿ ನೋಟಕ್ಕೆ ಬಳಕೆಯಾಗುವವು ಹತ್ತೇ. ಗಡಿಯಾರಕ್ಕೆ ಬೆಳಕಿನ ಸುದ್ದಿ ಮುಟ್ಟಿಸುವುದೂ ಆಪ್ಸಿನ್‌ಗಳೇ ಎಂಬುದಕ್ಕೆ ಸೊಮಾಲಿಯಾದ ಕುರುಡು ಗುಹೆಮೀನು ಪುರಾವೆ ಒದಗಿಸಿತು. ಅದರ ಎರಡು ಆಪ್ಸಿನ್‌ಗಳು ಕೆಟ್ಟಿರುವುದರಿಂದ ಗಡಿಯಾರ ಬೆಳಕಿಗೆ ಓಗೊಡುವುದಿಲ್ಲ, ಮೇವಿನ ಹೊತ್ತಿಗೆ ಮಾತ್ರ ಹೊಂದಿಕೊಳ್ಳುತ್ತದೆ ಎಂದು 2011ರಲ್ಲಿ ತಿಳಿದುಬಂತು.

ಮೇವಿನ ಪಾತ್ರ ಬೇರೆ ಮೀನುಗಳಲ್ಲೂ ದೊಡ್ಡದು. ಮೆಡಿಟರೇನಿಯನ್ನಿನ ಸೀಬ್ರೀಮ್ ಮೀನಿಗೆ ಆಹಾರದ ಹೊತ್ತು ಬದಲಿಸಿದಾಗ ಯಕೃತ್ತಿನ ಗಡಿಯಾರ ಮೇವನ್ನು ಹಿಂಬಾಲಿಸಿತು, ಮಿದುಳಿನದು ಬೆಳಕನ್ನೇ ನೆಚ್ಚಿತು. ಒಂದೇ ಮೈಯಲ್ಲಿ ಎರಡು ವೇಳಾಪಟ್ಟಿ!

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಬಾಗಿಲು ತೆರೆದದ್ದು ಸಂತಾನೋತ್ಪತ್ತಿಯ ಋತುಗಳು. ದೆಹಲಿ ವಿಶ್ವವಿದ್ಯಾಲಯದ ಬಿ.ಐ. ಸುಂದರರಾಜ್ ಚೇಳುಮೀನಿನ ಅಂಡಾಶಯದ ವಾರ್ಷಿಕ ಲಯವನ್ನು ಅಭ್ಯಸಿಸಿದರು. ಶಾಂತಿನಿಕೇತನದಲ್ಲಿ ಸೌಮೇನ್ ಮೈತ್ರ ಅವರ ತಂಡ ಹಗಲಿರುಳಿನ ಸುದ್ದಿ ಸಾರುವ ಮೆಲಟೋನಿನ್ ಹಾರ್ಮೋನಿನ ಏರಿಳಿತವನ್ನು ಕಾಟ್ಲಾ ಮೀನಿನ ಕರುಳಿನಲ್ಲೂ ಕಂಡಿತು. ಮದುರೈಯಲ್ಲಿ ಬಾವಲಿಗಳ ಮೇಲೆ ಕೆಲಸ ಮಾಡಿದ ಎಂ.ಕೆ. ಚಂದ್ರಶೇಖರನ್ ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕಾಲಜೀವವಿಜ್ಞಾನಕ್ಕೆ ನೆಲೆ ಕಟ್ಟಿದರು.

ಒಂದೆರಡು ಜೀನ್‌ಗಳನ್ನಷ್ಟೇ ನೋಡುವ ಕಾಲ ಈಗ ಮುಗಿದಿದೆ. 2014ರಲ್ಲಿ ಇಲಿಯ 12 ಅಂಗಗಳನ್ನು ಪರೀಕ್ಷಿಸಿದಾಗ, ಪ್ರೋಟೀನು ತಯಾರಿಸುವ ಜೀನ್‌ಗಳಲ್ಲಿ ಶೇ. 43ರಷ್ಟು ಯಾವುದಾದರೊಂದು ಅಂಗದಲ್ಲಿ ದಿನದ ಲಯ ತೋರಿದವು. ಆದರೆ ಅಂಗದಿಂದ ಅಂಗಕ್ಕೆ ಪಟ್ಟಿಯೇ ಬೇರೆ. ಮೀನಿನಲ್ಲಿ ಗೋಜಲು ಇನ್ನೂ ಹೆಚ್ಚು, ಏಕೆಂದರೆ ಟೆಲಿಯಾಸ್ಟ್ ಎಂಬ ಎಲುಬುಮೀನು ಗುಂಪಿನ ಪೂರ್ವಜರಲ್ಲಿ ಇಡೀ ಜೀನೋಮ್ ಇಮ್ಮಡಿಯಾಗಿ, ಹಲವು ಗಡಿಯಾರ ಜೀನ್‌ಗಳು ಜೋಡಿಯಾಗಿ ಉಳಿದಿವೆ. ಜೀಬ್ರಾ ಮೀನಿನ ಯಕೃತ್ತಿನಲ್ಲಿ ವಿಷ ನಿವಾರಿಸುವ ಜೀನ್‌ಗಳೂ ಹೊತ್ತಿಗೆ ತಕ್ಕಂತೆ ಏರಿಳಿಯುತ್ತವೆ ಎಂದು 2017ರಲ್ಲಿ ವರದಿಯಾಯಿತು.

ಈ ಕೊನೆಯ ಮಾತು ನಮ್ಮ ನೆರೆಹೊರೆಗೆ ನೇರವಾಗಿ ಸಂಬಂಧಿಸಿದ್ದು. 2022ರಲ್ಲಿ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಥಾಣೆ ಖಾಡಿಗೆ ಬೇಲಾಪುರದವರೆಗಿನ ಕೈಗಾರಿಕಾ ಪಟ್ಟಿಯ ಕೊಳೆ ಸೇರುತ್ತದೆ. ಕಲ್ಯಾಣ, ಡೊಂಬಿವಲಿಯ ಕೊಳೆ ಉಲ್ಹಾಸ್ ನದಿಗೆ. ಇಲ್ಲಿನ ಮೀನಿನ ಯಕೃತ್ತು ನೋಡಿ ಮಾಲಿನ್ಯ ಅಳೆಯುವವರು ಒಂದು ಜಾಗದಲ್ಲಿ ಬೆಳಿಗ್ಗೆ, ಇನ್ನೊಂದು ಜಾಗದಲ್ಲಿ ಸಂಜೆ ಬಲೆ ಬೀಸಿದರೆ, ಕಂಡ ವ್ಯತ್ಯಾಸ ವಿಷದ್ದೋ ಗಡಿಯಾರದ್ದೋ ಹೇಳಲಾಗದು. ದಡದ ದೀಪಗಳ ಬೆಳಕನ್ನೂ ಲೆಕ್ಕಕ್ಕೆ ಹಿಡಿಯಬೇಕು: ಯುರೋಪಿನ ಪರ್ಚ್ ಮೀನಿನಲ್ಲಿ ರಾತ್ರಿಯ ಮಂದ ಬೆಳಕೂ ಮೆಲಟೋನಿನ್ ತಗ್ಗಿಸಿದ್ದುಂಟು. ಹಾಗಾಗಿ ಖಾಡಿಯ ಮೀನನ್ನು ಅಭ್ಯಸಿಸುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಮಾದರಿಯ ಶೀಶೆಯ ಮೇಲೆ ಜಾಗ, ತಾರೀಕುಗಳ ಜೊತೆ ಗಂಟೆಯನ್ನೂ ಭರತ-ಇಳಿತವನ್ನೂ ಬರೆಯಲಿ. ಖರ್ಚಿಲ್ಲದ ಈ ಎರಡು ಟಿಪ್ಪಣಿಗಳಿಲ್ಲದೆ ದುಬಾರಿ ಜೀನ್ ಪರೀಕ್ಷೆಯ ಫಲಿತಾಂಶವನ್ನು ನಂಬುವಂತಿಲ್ಲ.